ಗೋಮುಖನ ಮುಷ್ಟಿಯನ್ನು ಬಿಗಿಯಬೇಡಿರಿ

ಆಟಿಕೆಯ ವಿಷಯವನ್ನು ಧರ್ಮಪತ್ರಿಕೆಯಲ್ಲಿ ಚರ್ಚೆಗೆತ್ತಿಕೊಳ್ಳುವುದು ಹಗುರವಾದ ಕೆಲಸವೆಂದು ಕೆಲವು ವಾಚಕರಿಗೆ ತೋರಬಹುದು. ಆದರೆ ಬಸದಿಯ ಜ್ಞಾನದಾನ ನಿಧಿಯಿಂದ ಹಣ ತೆಗೆದು ಆಟಿಕೆಯೊಂದನ್ನು ಮಾಡಿಸೋಣವೆಂಬ ಸೂಚನೆ ನಮ್ಮ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಶ್ರಾವಕರ ನಡುವೆ ಸುಳಿದಾಡುತ್ತಿರುವಾಗ ಅದನ್ನು ಹಗುರವೆಂದು ಬದಿಗಿರಿಸಲು ನನಗೆ ಮನಸ್ಸು ಬಾರದು. ಸೂಚನೆ ತಂದವರು ಓದಿದ ತರುಣರು, ಧರ್ಮದಲ್ಲಿ ಶ್ರದ್ಧೆಯುಳ್ಳವರು. ಅವರ ಹೆಸರು ಇಲ್ಲಿ ಬೇಡ. ಅವರ ನಕ್ಷೆಯನ್ನು ಕಳೆದ ದಶಲಕ್ಷಣ ಪರ್ವದ ಸಮಯದಲ್ಲಿ ನಾನು ಕಣ್ಣಾರೆ ನೋಡಿದ್ದೇನೆ.

ಆದಿನಾಥ ಸ್ವಾಮಿಯ ಯಕ್ಷನಾದ ಗೋಮುಖನನ್ನು ಆರು ಅಂಗುಲದ ಪ್ಲಾಸ್ಟಿಕ್ ವೀರನನ್ನಾಗಿ ಮಾರ್ಪಡಿಸಿದ ನಕ್ಷೆ ಅದು. ಗೂಳಿಯ ತಲೆ, ಜಟ್ಟಿಯ ಮೈಕಟ್ಟು, ಎದೆಗೆ ಉಕ್ಕಿನ ಬಣ್ಣದ ಕವಚ, ಬಲಗೈಯಲ್ಲಿ ಕಳಚಿ ಹಾಕಬಹುದಾದ ಕೊಡಲಿ. ಬೆನ್ನಿನಲ್ಲೊಂದು ಗುಂಡಿ. ಗುಂಡಿಯನ್ನು ಒತ್ತಿದರೆ ತಲೆಯ ಮೇಲಿನ ಧರ್ಮಚಕ್ರವು ಸ್ಪ್ರಿಂಗಿನಿಂದ ಚಿಮ್ಮಿ ಎದುರಾಳಿಗೆ ಬಡಿಯಬೇಕು. ಎದುರಾಳಿ ಯಾರು? ಪೆಟ್ಟಿಗೆಯಲ್ಲಿ ಎರಡನೆಯ ಗೊಂಬೆಯಾಗಿ ಕಮಠನಿದ್ದಾನೆ, ಅರ್ಧ ಸರ್ಪ, ಅರ್ಧ ರಾಕ್ಷಸ. ಗೋಮುಖನು ಪ್ರಥಮ ತೀರ್ಥಂಕರರ ಯಕ್ಷ, ಕಮಠನು ಇಪ್ಪತ್ಮೂರನೆಯ ತೀರ್ಥಂಕರರಾದ ಪಾರ್ಶ್ವನಾಥರಿಗೆ ಉಪಸರ್ಗ ಮಾಡಿದವನು. ಇವರಿಬ್ಬರೂ ಯಾವ ಪುರಾಣದಲ್ಲಿ ಎದುರಾದರೆಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಹೋಗಲಿ, ಅದು ಸಣ್ಣ ತಪ್ಪು, ತಿದ್ದಬಹುದು. ತಿದ್ದಲಾಗದ ದೋಷ ಬೇರೆಡೆ ಇದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ನಕ್ಷೆಗೆ ನಮ್ಮ ಯಾವ ಟ್ರಸ್ಟೂ ಒಂದು ರೂಪಾಯಿಯನ್ನು ಸಹ ಕೊಡಬಾರದು. ಹಾಗೆಂದು, ಪ್ರಾಣಿಯ ತಲೆಯುಳ್ಳ ಗೊಂಬೆಯೆಂದರೆ ಮುಖ ಸಿಂಡರಿಸಿ "ಇದೆಲ್ಲ ಪರದೇಶದ ಪಿಶಾಚಿಗಳು" ಎಂದು ಎದ್ದುಹೋಗುವ ಹಿರಿಯರ ಪಕ್ಷವೂ ನನ್ನದಲ್ಲ.

ಆ ಹಿರಿಯರಿಗೆ ಉತ್ತರ ಕೊಡಲು ಬಹಳ ದೂರ ಹೋಗಬೇಕಾಗಿಲ್ಲ. ಗೋಮುಖನ ಮಾತು ಹಾಗಿರಲಿ. ಪುಷ್ಪದಂತ ತೀರ್ಥಂಕರರ ಲಾಂಛನವಾದ ಮಕರವು ಯಾವ ಕೆರೆಯಲ್ಲಿ ಈಜುವ ಪ್ರಾಣಿ? ಗದಗಿನಿಂದ ಹನ್ನೆರಡು ಕಿಲೋಮೀಟರು ದೂರದ ಲಕ್ಕುಂಡಿಗೆ ಹೋಗಿ ಗುಡಿಗಳ ತೋರಣಗಳನ್ನು ತಲೆಯೆತ್ತಿ ನೋಡಿರಿ, ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲಗಳು ಒಂದೇ ಮೈಯಲ್ಲಿ ಕೂಡಿರುವುದು ಕಾಣುತ್ತದೆ. ನಮ್ಮ ಸರಕಾರದ ಪ್ರತಿಯೊಂದು ಕಾಗದದ ನೆತ್ತಿಯ ಮೇಲೆ ಎರಡು ತಲೆಯ ಗಂಡಭೇರುಂಡವಿದೆ. ಅದರ ಎರಡೂ ಕಡೆ ಸಿಂಹದ ಮೈಗೆ ಆನೆಯ ತಲೆಯುಳ್ಳ ಶರಭಗಳು ನಿಂತಿವೆ. ಚಕ್ರೇಶ್ವರಿಯ ವಾಹನವಾದ ಗರುಡನಿದ್ದಾನೆ, ಹೆಡೆಯೆತ್ತಿದ ಧರಣೇಂದ್ರನಿದ್ದಾನೆ. ಮೃಗ-ಮಾನವ ರೂಪವು ನಮಗೆ ಪರಕೀಯವೆನ್ನುವವರು ತಮ್ಮ ಊರಿನ ಬಸದಿಯ ಬಾಗಿಲುವಾಡವನ್ನೇ ನೋಡಿಲ್ಲವೆಂದು ಹೇಳಬೇಕಾಗುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದ ಸಾಕ್ಷಿಯೊಂದು ಮಥುರೆಯ ಕಂಕಾಳಿ ಟೀಲಾದಲ್ಲಿ ದೊರೆತಿದೆ. ಕುಶಾನರ ಕಾಲದ ಅಲ್ಲಿನ ಜೈನ ಶಿಲ್ಪಗಳಲ್ಲಿ ಆಡಿನ ಮುಖದ ನೈಗಮೇಷನ ಮೂರ್ತಿಗಳಿವೆ. ಗರ್ಭಾಪಹರಣದ ಕಥೆಯಲ್ಲಿ ಆತನ ಪಾತ್ರವನ್ನು ಶ್ವೇತಾಂಬರರು ಒಪ್ಪುತ್ತಾರೆ, ದಿಗಂಬರರಾದ ನಾವು ಒಪ್ಪುವುದಿಲ್ಲ. ಆ ಚರ್ಚೆ ಇಲ್ಲಿ ಅಪ್ರಸ್ತುತ. ನಾನು ಎತ್ತಿ ತೋರಿಸಬಯಸುವುದು ಇಷ್ಟೇ: ಎರಡು ಸಾವಿರ ವರ್ಷಗಳ ಹಿಂದೆ ಜೈನ ಶಿಲ್ಪಿಯೊಬ್ಬ ಮನುಷ್ಯದೇಹದ ಮೇಲೆ ಪ್ರಾಣಿಯ ತಲೆಯನ್ನು ಇಟ್ಟಾಗ ಆತನು ರೂಪಿಸಿದ್ದು ಮಕ್ಕಳನ್ನು ಕಾಯುವ ದೇವತೆಯನ್ನು. ಕೆಲವು ಮೂರ್ತಿಗಳಲ್ಲಿ ಆತನ ಹೆಗಲ ಮೇಲೆ ಕೂಸುಗಳೇ ಕುಳಿತಿವೆ.

ಹೀಗಾಗಿ ತಲೆಯ ವಿಷಯದಲ್ಲಿ ನನಗೆ ತಕರಾರಿಲ್ಲ. ತಕರಾರಿರುವುದು ಕೈಯ ವಿಷಯದಲ್ಲಿ.

ಇದನ್ನು ತಿಳಿಯಲು ಇಂಥ ಗೊಂಬೆಗಳು ಹೇಗೆ ಹುಟ್ಟಿದವೆಂಬುದನ್ನು ನೋಡಬೇಕು. ವ್ಯಾಪಾರಸ್ಥನಾದ ನನಗೆ ಈ ಕಥೆಯಲ್ಲಿ ಕಲೆಗಿಂತ ಜಮಾ-ಖರ್ಚೇ ಹೆಚ್ಚು ಕಾಣುತ್ತದೆ. ಅಮೆರಿಕದ ಮ್ಯಾಟೆಲ್ ಸಂಸ್ಥೆಯು 1982ರಲ್ಲಿ ಹೀ-ಮ್ಯಾನ್ ಮತ್ತು ಅವನ ಬಳಗದ ಗೊಂಬೆಗಳನ್ನು ಮಾರುಕಟ್ಟೆಗೆ ತಂದಿತು. ಐದೂವರೆ ಅಂಗುಲದ ಗೊಂಬೆಗಳು. ಮೃಗಮಾನವ, ಮತ್ಸ್ಯಮಾನವ ಮೊದಲಾದವರೆಲ್ಲ ಆ ಬಳಗದಲ್ಲಿದ್ದರು. ಮರುವರ್ಷ ಅದೇ ಗೊಂಬೆಗಳ ಕಥೆ ಟೆಲಿವಿಷನ್ನಿನ ಚಿತ್ರಮಾಲಿಕೆಯಾಯಿತು. ಮುಂದೆ ನಮ್ಮ ದೂರದರ್ಶನದಲ್ಲಿಯೂ ಬಂದು, ಇಂದು ನಲವತ್ತು ದಾಟಿದ ತಂದೆಯರು ಅದನ್ನು ಚಾಪೆಯ ಮೇಲೆ ಕುಳಿತು ನೋಡಿದವರೇ. ಇಂಥ ಗೊಂಬೆಯನ್ನು ಕರಗಿಸಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ತುಂಬಿ ತೆಗೆಯುತ್ತಾರೆ. ಪ್ಲಾಸ್ಟಿಕ್ ಅಗ್ಗ, ಅಚ್ಚು ದುಬಾರಿ. ಆದ್ದರಿಂದ ಒಂದೇ ಎದೆ, ಒಂದೇ ತೋಳು, ಒಂದೇ ಕಾಲುಗಳನ್ನು ಹತ್ತಾರು ಪಾತ್ರಗಳಿಗೆ ಬಳಸಿ ತಲೆಯನ್ನು ಮಾತ್ರ ಬದಲಿಸಿದರೆ ಹೊಸ ಗೊಂಬೆಯ ಖರ್ಚು ಬಹಳ ಇಳಿಯುತ್ತದೆ. ಆ ಮಾಲಿಕೆಯ ಮೃಗಮಾನವನ ಅಚ್ಚಿನಿಂದಲೇ 1985ರಲ್ಲಿ ಹಸಿರು ನವಿರು ಅಂಟಿಸಿ ಪಾಚಿಮಾನವನನ್ನು ಮಾಡಿದರು. ಹೀ-ಮ್ಯಾನ್ ಏರಿ ಹೋಗುವ ಹಸಿರು ಹುಲಿಯಂತೂ ಬಿಗ್ ಜಿಮ್ ಎಂಬ ಬೇರೊಂದು ಮಾಲಿಕೆಗಾಗಿ ಮಾಡಿದ ಅಚ್ಚಿನದು. ಆ ಗೊಂಬೆಗಳು ದೊಡ್ಡವು. ಚಿಕ್ಕ ಗೊಂಬೆಯ ಪಕ್ಕದಲ್ಲಿ ಹುಲಿ ವಿಪರೀತ ದೊಡ್ಡದಾಗಿ ಕಂಡಿತು. ಹಾಗಾದರೆ ಅದಕ್ಕೊಂದು ಜೀನು ಹಾಕಿ ಸವಾರಿಗೆ ಕೊಟ್ಟರಾಯಿತು ಎಂದುಕೊಂಡರು. ನಮ್ಮ ಅಡತಿ ಅಂಗಡಿಯಲ್ಲಿ ಉಳಿದ ಚೀಲಗಳನ್ನು ಖರ್ಚು ಹಾಕುವ ಜಾಣ್ಮೆಯೇ ಇದು! ಮಕ್ಕಳು ಪುರಾಣವೆಂದು ನಂಬಿದ್ದು ಲೆಕ್ಕಪತ್ರದಲ್ಲಿ ಹುಟ್ಟಿದ ಉಳಿತಾಯವಾಗಿತ್ತು.

ಇದರಲ್ಲಿ ಪಾಪವೇನಿಲ್ಲ. ವ್ಯಾಪಾರದಲ್ಲಿ ಉಳಿತಾಯ ಗುಣವೇ. ಆದರೆ ತಲೆ ಮಾತ್ರ ಬದಲಾಗಿ ಮೈ ಅದೇ ಉಳಿದಾಗ ಆ ಮೈ ಏನು ಮಾಡಬಲ್ಲದೆಂಬುದೇ ಎಲ್ಲ ಪಾತ್ರಗಳ ಸ್ವಭಾವವಾಗಿಬಿಡುತ್ತದೆ. ಆ ಗೊಂಬೆಗಳ ಸೊಂಟದಲ್ಲಿ ಸ್ಪ್ರಿಂಗಿತ್ತು; ತಿರುವಿ ಬಿಟ್ಟರೆ ಮೈ ತಾನಾಗಿ ಹಿಂದಿರುಗಿ ತೋಳು ಬೀಸಿ ಹೊಡೆಯುತ್ತಿತ್ತು. ಮೊಣಕಾಲು ಮಡಿಯುತ್ತಿರಲಿಲ್ಲ, ಆದ್ದರಿಂದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡಿಸುವ ಹಾಗಿರಲಿಲ್ಲ. ಬೆರಳುಗಳು ಆಯುಧದ ಹಿಡಿಯ ಅಳತೆಗೆ ಬಾಗಿ ಗಟ್ಟಿಯಾಗಿದ್ದವು. ಮೀನಿನ ತಲೆ ಇಡಿ, ಕೋತಿಯ ತಲೆ ಇಡಿ, ಅದು ನಿಲ್ಲುತ್ತದೆ, ಹಿಡಿಯುತ್ತದೆ, ಹೊಡೆಯುತ್ತದೆ. ಇಷ್ಟನ್ನು ಬಿಟ್ಟು ಬೇರೇನನ್ನೂ ಮಾಡಲು ಅದಕ್ಕೆ ಸಂದುಗಳೇ ಇಲ್ಲ.

ಅನಂತರ ಬಂದವು ಇನ್ನೂ ಅನೇಕ. ಜಪಾನಿನ ತಕಾರಾ ಸಂಸ್ಥೆ 1986ರಲ್ಲಿ ಆರಂಭಿಸಿ, 1987ರಲ್ಲಿ ಹ್ಯಾಸ್ಬ್ರೋ ಸಂಸ್ಥೆ ಅಮೆರಿಕದಲ್ಲಿ "ಬ್ಯಾಟಲ್ ಬೀಸ್ಟ್ಸ್" ಎಂದು ಮಾರಿದ ಎರಡು ಅಂಗುಲದ ಗೊಂಬೆಗಳೆಲ್ಲವೂ ಕವಚ ತೊಟ್ಟ ಪ್ರಾಣಿಯೋಧರೇ. ಅವುಗಳ ವಿಷಯದಲ್ಲಿ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಪ್ರತಿಯೊಂದರ ಎದೆಯ ಮೇಲೊಂದು ಚೀಟಿಯಿತ್ತು. ಬೆರಳಿನಿಂದ ಉಜ್ಜಿದರೆ ಬಿಸಿಗೆ ಬೆಂಕಿ, ನೀರು, ಕಟ್ಟಿಗೆಗಳಲ್ಲೊಂದರ ಚಿತ್ರ ಮೂಡುತ್ತಿತ್ತು. ನೀರು ಬೆಂಕಿಯನ್ನು, ಬೆಂಕಿ ಕಟ್ಟಿಗೆಯನ್ನು, ಕಟ್ಟಿಗೆ ನೀರನ್ನು ಗೆಲ್ಲುತ್ತದೆಂಬ ನಿಯಮ. ಕೈಯಲ್ಲಿ ಆಯುಧವಿದ್ದರೂ ಆಟದ ತೀರ್ಮಾನ ಒಂದೂ ಹೊಡೆತವಿಲ್ಲದೆ ಆಗುತ್ತಿತ್ತು. ವಿನ್ಯಾಸಕಾರನು ಮನಸ್ಸು ಮಾಡಿದರೆ ಬೇರೆ ದಾರಿಯಿದೆಯೆಂಬುದಕ್ಕೆ ಇದು ಸಾಕ್ಷಿ. 1984ರಲ್ಲಿ ಚಿತ್ರಪುಸ್ತಕವಾಗಿ ಹುಟ್ಟಿ 1988ರಲ್ಲಿ ಗೊಂಬೆಗಳಾದ ಆಮೆಯೋಧರು ಮಾತ್ರ ಆ ದಾರಿ ಹಿಡಿಯಲಿಲ್ಲ. ನಾಲ್ಕು ಆಮೆಗಳನ್ನು ಗುರುತಿಸುವುದೇ ಕಣ್ಣಪಟ್ಟಿಯ ಬಣ್ಣದಿಂದ ಮತ್ತು ಕೈಯ ಆಯುಧದಿಂದ. ಅವುಗಳ ಶತ್ರುಗಳಲ್ಲಿ ಒಬ್ಬ ಖಡ್ಗಮೃಗ, ಒಬ್ಬ ಹಂದಿ. ಪಾಠಶಾಲೆಯ ಮಗುವಿಗೆ ಕೇಳಿರಿ: ಆಮೆ ಮುನಿಸುವ್ರತರ ಲಾಂಛನ, ಖಡ್ಗಮೃಗ ಶ್ರೇಯಾಂಸನಾಥರದು, ವರಾಹ ವಿಮಲನಾಥರದು. ನಮ್ಮ ಪೀಠಗಳಲ್ಲಿ ಇವು ಶಾಂತವಾಗಿ ಮಲಗಿವೆ. ಅಂಗಡಿಯ ಪೆಟ್ಟಿಗೆಯಲ್ಲಿ ಒಂದನ್ನೊಂದು ಕಡಿಯುತ್ತಿವೆ. ಅದನ್ನು ಮಾಡಿದವರಿಗೆ ನಮ್ಮ ಪೀಠಗಳು ಗೊತ್ತಿರಲಿಲ್ಲ, ಅವರನ್ನು ದೂರಲಾರೆ. ನಮ್ಮ ತರುಣರಿಗೆ ಗೊತ್ತಿದೆ.

ಈಗ ಶಾಸ್ತ್ರದ ಮಾತು. ಶ್ರಾವಕನಿಗೆ ಹಿಂಸೆಯನ್ನು ನಾಲ್ಕು ವಿಧವಾಗಿ ವಿಂಗಡಿಸಿ ಹೇಳಿದ್ದಾರೆ: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ. ಒಲೆ ಹಚ್ಚುವಾಗ, ಹೊಲ ಉಳುವಾಗ, ವ್ಯಾಪಾರದಲ್ಲಿ, ಆತ್ಮರಕ್ಷಣೆಯಲ್ಲಿ ಆಗುವ ಹಿಂಸೆಯನ್ನು ಗೃಹಸ್ಥನು ಪೂರ್ತಿಯಾಗಿ ತಪ್ಪಿಸಲಾರನು. ಸಂಕಲ್ಪಪೂರ್ವಕವಾದ ಹಿಂಸೆಯನ್ನು ಮಾತ್ರ ಬಿಡಲೇಬೇಕು. ನನ್ನ ವ್ಯಾಪಾರಿ ಮಿತ್ರರು ಇದನ್ನೇ ಹಿಡಿದುಕೊಂಡು ವಾದಿಸುತ್ತಾರೆ: "ಪ್ಲಾಸ್ಟಿಕ್ಕಿಗೆ ಜೀವವಿಲ್ಲ, ಕೊಡಲಿ ಬೆರಳನ್ನೂ ಕುಯ್ಯುವುದಿಲ್ಲ, ಆದದ್ದಾದರೂ ಅದು ಉದ್ಯೋಗೀ ಹಿಂಸೆಯ ಲೆಕ್ಕಕ್ಕೆ ಹೋಗುತ್ತದೆ." ಅಂಗಡಿಯಲ್ಲಿ ಬಂದ ಸರಕನ್ನು ಮಾರುವವನ ಮಟ್ಟಿಗೆ ಈ ವಾದ ಎಷ್ಟೋ ದೂರ ನಡೆದೀತು. ತೋಂಟದಾರ್ಯ ಮಠದ ಜಾತ್ರೆಯಲ್ಲಿ ಅಂಗಡಿ ಹಾಕಿ ನೂರು ಬಗೆಯ ಆಟಿಕೆ ಮಾರುವವನನ್ನು ನಾನು ಕಟಕಟೆಗೆ ಎಳೆಯಲು ಹೊರಟಿಲ್ಲ. ಆದರೆ ವಿನ್ಯಾಸ ಮಾಡುವವನಿಗೆ ಈ ರಿಯಾಯತಿ ಸಲ್ಲದು. ಬಿಳಿಯ ಕಾಗದದ ಮುಂದೆ ಕುಳಿತು, ಕೈ ತೆರೆದಿರಬೇಕೋ ಮುಚ್ಚಿರಬೇಕೋ, ಚಕ್ರವು ತಿರುಗಬೇಕೋ ಹಾರಿ ಬಡಿಯಬೇಕೋ, ಪೆಟ್ಟಿಗೆಯಲ್ಲಿ ಶತ್ರು ಬೇಕೋ ಬೇಡವೋ ಎಂದು ಒಂದೊಂದನ್ನೂ ಯೋಚಿಸಿ ನಿರ್ಧರಿಸುವ ಕ್ರಿಯೆಗೆ ಸಂಕಲ್ಪವೆನ್ನದೆ ಬೇರೆ ಯಾವ ಹೆಸರಿದೆ? ಆ ಸಂಕಲ್ಪವನ್ನು ಉಕ್ಕಿನಲ್ಲಿ ಕೊರೆದು ಸಾವಿರಾರು ಸಲ ಎರಕ ಹೊಯ್ಯುತ್ತಾರೆ.

ಹಿಟ್ಟಿನ ಕೋಳಿಯ ಕಥೆಯನ್ನು ನಮ್ಮವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆಯನ್ನು ಪಠ್ಯಪುಸ್ತಕದಲ್ಲಿ ಓದಿದವರೂ ಪ್ರವಚನದಲ್ಲಿ ಕೇಳಿದವರೂ ನಮ್ಮಲ್ಲಿ ಬಹಳ. ಆದರೂ ಈ ಸಂದರ್ಭದಲ್ಲಿ ಅದನ್ನು ಮತ್ತೊಮ್ಮೆ ಎಚ್ಚರದಿಂದ ನೋಡಬೇಕು. ಯಶೋಧರನು ಜೀವಂತ ಪ್ರಾಣಿಯನ್ನು ಕೊಲ್ಲಲು ಒಪ್ಪಲಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಕಟ್ಟುಬಿದ್ದು, ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ಚಂಡಮಾರಿಗೆ ಬಲಿ ಕೊಡಲು ಒಪ್ಪಿದನು. ಅವನ ವಾದವೂ ನಮ್ಮ ವ್ಯಾಪಾರಿಗಳದೇ: ಹಿಟ್ಟಿಗೆ ಜೀವವೆಲ್ಲಿ? ಕಡಿದಾಗ ಅದು ಕೂಗಿತು. ಆಮೇಲೆ ತಾಯಿ-ಮಗ ಇಬ್ಬರೂ ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿಗಳ ದೇಹಗಳಲ್ಲಿ ಹಾದು ಬಂದರು. ಲೋಕದ ಬೇರೆ ಧರ್ಮಗಳವರು ಆಟಿಕೆಯ ಹಿಂಸೆಯ ಬಗ್ಗೆ ಇಂದು ಮನಶ್ಶಾಸ್ತ್ರಜ್ಞರನ್ನು ಕೇಳುತ್ತಾರೆ. ನಮ್ಮಲ್ಲಿ ಒಬ್ಬ ಕನ್ನಡ ಕವಿ ಎಂಟುನೂರು ವರ್ಷಗಳ ಹಿಂದೆಯೇ ಒಂದು ಗೊಂಬೆಯನ್ನು ನಡುವಿಟ್ಟುಕೊಂಡು ಇದೇ ಪ್ರಶ್ನೆಗೆ ಕಾವ್ಯ ಬರೆದಿದ್ದಾನೆ.

"ಹಾಗಾದರೆ ಗೊಂಬೆಯ ಕತ್ತಿ ಬೀಸಿದ ಮಗುವೆಲ್ಲ ನರಕಕ್ಕೆ ಹೋಗುತ್ತದೆಯೆ?" ಎಂದು ಒಬ್ಬರು ನಗುತ್ತ ಕೇಳಿದರು. ಇಲ್ಲ, ಮಹನೀಯರೆ. ಯಶೋಧರನು ಮಗುವಾಗಿರಲಿಲ್ಲ, ತಿಳಿದ ಅರಸನಾಗಿದ್ದನು. ನನ್ನ ಮಾತು ಮಗುವನ್ನು ಕುರಿತದ್ದಲ್ಲ, ತಿಳಿದವರನ್ನು ಕುರಿತದ್ದು. ಕೃತ, ಕಾರಿತ, ಅನುಮೋದಿತ ಎಂದು ಕರ್ಮಕ್ಕೆ ಮೂರು ಬಾಗಿಲುಗಳು. ನಕ್ಷೆ ಬರೆಯುವವನದು ಕೃತ. ಕೊಂಡುಕೊಟ್ಟು ಸಂತೋಷಪಡುವ ತಂದೆತಾಯಿಗಳದು ಅನುಮೋದಿತ. ಜ್ಞಾನದಾನ ನಿಧಿಯ ಚೆಕ್ಕಿಗೆ ಸಹಿ ಹಾಕುವ ಟ್ರಸ್ಟಿಗಳದು ಕಾರಿತ, ಅವರು ಮಾಡಿಸಿದವರಾಗುತ್ತಾರೆ. ಸಮಂತಭದ್ರ ಆಚಾರ್ಯರು ತಮ್ಮ ಶ್ರಾವಕಾಚಾರ ಗ್ರಂಥದಲ್ಲಿ ಅನರ್ಥದಂಡವನ್ನು ಐದಾಗಿ ಎಣಿಸುವಾಗ ಹಿಂಸಾದಾನವನ್ನು ಹೆಸರಿಟ್ಟು ಹೇಳಿದ್ದಾರೆ: ಹಿಂಸೆಯ ಸಾಧನಗಳನ್ನು ಇತರರ ಕೈಗೆ ಕೊಡುವುದು. ಜ್ಞಾನದಾನದ ಖಾತೆಯಲ್ಲಿ ಖರ್ಚು ಬರೆದು ಹಿಂಸಾದಾನ ಮಾಡಿದರೆ ಅದು ಯಾವ ಲೆಕ್ಕ? ಬಿ.ಕಾಂ. ಓದಿದ ನನಗಂತೂ ಆ ತಾಳೆ ಹೊಂದಿಸಲು ಬಾರದು.

ತರುಣರು ಮುಂದಿಟ್ಟ ಉತ್ತರಗಳಲ್ಲಿ ಎರಡು ಗಟ್ಟಿಯಾದವು. ಅವುಗಳನ್ನು ಹಾರಿಸಿ ಮುಂದೆ ಹೋಗುವುದು ನ್ಯಾಯವಲ್ಲ.

ಮೊದಲನೆಯದು, ಜಿನನೆಂದರೆ ಗೆದ್ದವನು, ಅರಿಹಂತನೆಂದರೆ ಶತ್ರುವನ್ನು ಕೊಂದವನು. ನಮ್ಮದು ವೀರಧರ್ಮವೇ ಹೊರತು ಹೇಡಿಗಳ ಧರ್ಮವಲ್ಲ. ಆ ವೀರತ್ವವನ್ನು ಮಕ್ಕಳಿಗೆ ತೋರಿಸಬೇಡವೆ? ತೋರಿಸಬೇಕು. ಅದನ್ನು ತೋರಿಸಲು ನಮ್ಮಲ್ಲಿ ಇರುವ ಅತ್ಯಂತ ದೊಡ್ಡ ಯುದ್ಧವೆಂದರೆ ಭರತ-ಬಾಹುಬಲಿಗಳದು. ತನ್ನ ಕಾವ್ಯದ ನುಡಿ ಪುಲಿಗೆರೆಯದೆಂದು, ಎಂದರೆ ನಮ್ಮ ಲಕ್ಷ್ಮೇಶ್ವರದ್ದೆಂದು, ಹೇಳಿಕೊಂಡ ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಅದು ಬರುತ್ತದೆ. ಸೈನ್ಯಗಳನ್ನು ಬದಿಗೆ ನಿಲ್ಲಿಸಿ ಅಣ್ಣತಮ್ಮಂದಿರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಮಾಡಿದರು. ಬಾಹುಬಲಿಯು ಅಣ್ಣನನ್ನು ಮೇಲೆತ್ತಿ, ನೆಲಕ್ಕೆ ಬಡಿಯದೆ ಇಳಿಸಿದನು. ಆಗ ಚಕ್ರವನ್ನು ಪ್ರಯೋಗಿಸಿದವನು ಸೋತ ಭರತ. ಆ ಚಕ್ರವೂ ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ನಮ್ಮ ಪುರಾಣದಲ್ಲಿ ಹಾರಿಬಂದ ಚಕ್ರಕ್ಕೆ ಬಡಿಯುವುದೇ ಆಗಲಿಲ್ಲ. ನಮ್ಮ ತರುಣರು ಧರ್ಮಚಕ್ರಕ್ಕೆ ಸ್ಪ್ರಿಂಗು ಹಾಕಿ ಬಡಿಯಲು ಕಲಿಸುತ್ತಿದ್ದಾರೆ. ಶ್ವೇತಾಂಬರರ ಕಥನದಲ್ಲಿ ಇನ್ನೂ ಒಂದು ಹೆಜ್ಜೆಯಿದೆ: ಹೊಡೆಯಲು ಎತ್ತಿದ ಮುಷ್ಟಿಯನ್ನು ಬಾಹುಬಲಿ ವ್ಯರ್ಥಮಾಡದೆ ಅದರಿಂದಲೇ ತನ್ನ ಕೇಶಲೋಚ ಮಾಡಿಕೊಂಡನು. ಶ್ರವಣಬೆಳಗೊಳದಲ್ಲಿ ಆತನ ಕೈಗಳು ಹೇಗಿವೆಯೆಂಬುದನ್ನು ಎಲ್ಲರೂ ನೋಡಿದ್ದೇವೆ. ಅಷ್ಟು ಎತ್ತರದ ವೀರನ ವಿಗ್ರಹಕ್ಕೆ ಒಂದು ಆಯುಧವನ್ನೂ ಶಿಲ್ಪಿ ಕೊಡಲಿಲ್ಲ. ಪಾರ್ಶ್ವನಾಥರೂ ಕಮಠನ ಮಳೆಗೆ ಮರುಹೊಡೆತ ಹೊಡೆಯಲಿಲ್ಲ. ಕೊನೆಗೆ ಕರಗಿದವನು ಅವನೇ. ಈ ಕಮಠನನ್ನು ಹೊಡೆಸಿಕೊಳ್ಳುವ ಗೊಂಬೆಯನ್ನಾಗಿ ಮಾಡಿ ಮಾರಿದರೆ ಮಗು ಕಲಿಯುವ ಕಥೆ ಯಾರದು?

ಎರಡನೆಯದು, ಗೋಮುಖನ ಕೈಯಲ್ಲಿ ಕೊಡಲಿಯನ್ನು ನಾವು ಇಟ್ಟಿಲ್ಲ, ಪ್ರತಿಷ್ಠಾ ಗ್ರಂಥಗಳೇ ಇಟ್ಟಿವೆ. ಇದು ನಿಜ. ಆದರೆ ಆ ಗ್ರಂಥಗಳನ್ನು ಪೂರ್ತಿ ಓದಬೇಕಲ್ಲ! ಅವುಗಳ ಪ್ರಕಾರ ಗೋಮುಖನಿಗೆ ನಾಲ್ಕು ಕೈ. ಒಂದರಲ್ಲಿ ಪರಶು, ಒಂದರಲ್ಲಿ ಮಾದಲದ ಹಣ್ಣು, ಒಂದರಲ್ಲಿ ಜಪಮಾಲೆ, ನಾಲ್ಕನೆಯದು ವರದ ಮುದ್ರೆಯಲ್ಲಿ ತೆರೆದಿದೆ. ನಕ್ಷೆ ಬರೆದವರು ಹಣ್ಣು, ಮಾಲೆ, ವರಗಳ ಮೂರು ಕೈಗಳನ್ನು ಕತ್ತರಿಸಿ ಕೊಡಲಿಯ ಕೈಯೊಂದನ್ನು ಉಳಿಸಿಕೊಂಡು, ಅದಕ್ಕೆ ಜೊತೆಯಾಗಿ ಇನ್ನೊಂದು ಮುಷ್ಟಿಯನ್ನು ಅಂಟಿಸಿದ್ದಾರೆ. ಯಕ್ಷನ ಅಂಗಚ್ಛೇದ ಮಾಡಿ ಶಾಸ್ತ್ರಾಧಾರ ತೋರಿಸುವುದು ಯಾವ ಪದ್ಧತಿ?

ಉಳಿದ ವಾದಗಳಿಗೆ ಹೆಚ್ಚು ಸ್ಥಳ ಬೇಡ. ಮಕ್ಕಳು ಹೇಗೂ ಕಟ್ಟಿಗೆ ಹಿಡಿದು ಯುದ್ಧವಾಡುತ್ತಾರಲ್ಲ ಎನ್ನುತ್ತಾರೆ. ಆಡಲಿ. ಹುಡುಗನ ಕೈಯ ಕಟ್ಟಿಗೆ ಈ ಕ್ಷಣ ಕತ್ತಿ, ಮರುಕ್ಷಣ ಕುದುರೆ, ಆಮೇಲೆ ಕೊಳಲು, ಸಂಜೆಗೆ ಒಲೆಯೊಳಗೆ. ಅಚ್ಚಿನಲ್ಲಿ ಹೊಯ್ದ ಕತ್ತಿ ಎಂದೆಂದಿಗೂ ಕತ್ತಿಯೇ. ನಾವು ಮಾರದಿದ್ದರೆ ಬೇರೆಯವರು ಮಾರುತ್ತಾರೆ ಎನ್ನುವ ಮಾತನ್ನು ನಮ್ಮ ಅಜ್ಜಂದಿರ ಎದುರಿಗೆ ಮದ್ಯದ ಬಗ್ಗೆಯೂ ದಂತದ ಬಗ್ಗೆಯೂ ಆಡಿದವರಿದ್ದರು. ಹದಿನೈದು ಕರ್ಮಾದಾನಗಳ ಪಟ್ಟಿ ಹುಟ್ಟಿದ್ದೇ ಅಂಥ ಮಾತಿಗೆ ಉತ್ತರವಾಗಿ ಎಂದು ನನಗೆ ತೋರುತ್ತದೆ. ಅತ್ತಿಮಬ್ಬೆಯ ಹೆಸರನ್ನೂ ಒಬ್ಬರು ತಂದರು. ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳು, ನಾವು ಸಾವಿರ ಗೊಂಬೆ ಮಾಡಿಸುತ್ತೇವೆ ಎಂದು. ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದ ಆ ತಾಯಿ ಪ್ರತಿಯೆತ್ತಿಸುವುದರ ಶಕ್ತಿಯನ್ನು ಬಲ್ಲವಳು, ಸಂದೇಹವಿಲ್ಲ. ಯಾವುದನ್ನು ಸಾವಿರ ಮಾಡಿಸಬೇಕೆಂಬುದನ್ನೂ ಬಲ್ಲವಳಾಗಿದ್ದಳು.

ಈ ತರುಣರನ್ನು ಬರಿದೆ ಬೈದು ಕಳಿಸಿದರೆ ಅದು ಅನ್ಯಾಯವಾಗುತ್ತದೆ. ಪಾಠಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಇಪ್ಪತ್ತನಾಲ್ಕು ಲಾಂಛನಗಳನ್ನು ಬಾಯಿಪಾಠ ಒಪ್ಪಿಸುವುದರಲ್ಲಿ ಅವರಿಗೆ ರುಚಿಯಿಲ್ಲ. ಕೈಗೆ ಹಿಡಿಯಲು ಏನಾದರೂ ಬೇಕು ಎಂಬ ಅವರ ಮೂಲ ವಿಚಾರ ಸರಿಯಾದದ್ದು. ಕಾಲವೂ ಅನುಕೂಲವಾಗಿದೆ. ಕೇಂದ್ರ ಸರಕಾರ 2020ರಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಮುಂಡರಗಿಯ ನೆರೆಯ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಏಕಸ್ ಸಂಸ್ಥೆಯ 400 ಎಕರೆಯ ಆಟಿಕೆ ಕೈಗಾರಿಕಾ ಪ್ರದೇಶಕ್ಕೆ ಅದೇ ತಿಂಗಳಲ್ಲಿ ಅಡಿಗಲ್ಲು ಬಿದ್ದಿತು. ಅಂದರೆ ಉಕ್ಕಿನ ಅಚ್ಚು, ಪ್ಲಾಸ್ಟಿಕ್ ಎರಕಗಳ ಕಸಬು ನಮ್ಮ ಹೊಸ್ತಿಲಿಗೇ ಬಂದಿದೆ. ನಮ್ಮ ಮಕ್ಕಳೂ ಮುಂದೆ ಅಲ್ಲಿ ವಿನ್ಯಾಸಕಾರರಾದಾರು. ಐ.ಎಸ್.ಐ. ಪರೀಕ್ಷೆಯಲ್ಲಿ ಅಂಚು ಚೂಪಾಗಿದೆಯೇ, ಬಣ್ಣದಲ್ಲಿ ಸೀಸವಿದೆಯೇ ಎಂದು ನೋಡುತ್ತಾರೆ. ಬೊಂಬೆಯ ಕೈ ಏನು ಮಾಡಲು ಹುಟ್ಟಿದೆಯೆಂಬುದನ್ನು ನೋಡುವ ಪರೀಕ್ಷೆ ಅದರಲ್ಲಿಲ್ಲ. ಅದನ್ನು ನಾವೇ ನೋಡಬೇಕು.

ಭಾನಾಪುರಕ್ಕಿಂತ ಹಳೆಯ ಕಾರ್ಖಾನೆಯೊಂದು ಅದೇ ಜಿಲ್ಲೆಯ ಕಿನ್ನಾಳದಲ್ಲಿದೆ. ಅಲ್ಲಿಯ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟುಗಳನ್ನು ಕೂಡಿಸಿದ ಕಿಟ್ಟದಿಂದ ಸಂದುಗಳನ್ನು ಮುಚ್ಚಿ, ಬಣ್ಣ ಹಚ್ಚಿ ಗೊಂಬೆ ಮಾಡುತ್ತಾರೆ. ಕೈಮುಗಿದು ನಿಂತ ರೆಕ್ಕೆಯ ಗರುಡನು ಅವರ ಪ್ರಸಿದ್ಧ ಕೃತಿಗಳಲ್ಲೊಂದು. ಕೈಮುಗಿದ ಪಕ್ಷಿಮಾನವ! ಮೃಗ-ಮಾನವ ರೂಪಕ್ಕೆ ಬೇರೆ ಕೈಯುಂಟೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ? ಕಿನ್ನಾಳದ ಆಟಿಕೆಗೆ ಭೌಗೋಳಿಕ ಸೂಚಕದ ನೋಂದಣಿಯಿದೆ. ಅಂಥ ನೋಂದಣಿಯುಳ್ಳ ಆಟಿಕೆಗಳಿಗೂ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳ ಆಟಿಕೆಗಳಿಗೂ ಮೇಲೆ ಹೇಳಿದ ಗುಣಮಟ್ಟದ ಆಜ್ಞೆಯಿಂದ ವಿನಾಯಿತಿಯನ್ನು ಕೊಟ್ಟಿದ್ದಾರೆ. ಉಕ್ಕಿನ ಅಚ್ಚಿಗೆ ಲಕ್ಷಗಟ್ಟಲೆ ಸುರಿಯುವ ಮೊದಲು ಒಂದು ಮಾದರಿಯನ್ನು ಅಲ್ಲಿ ಮರದಲ್ಲಿ ಮಾಡಿಸಿ ನೋಡುವುದು ಯಾವ ವ್ಯಾಪಾರಿಗೂ ಹೊಳೆಯುವ ಮಾತು.

ಮಾಡಿಸುವುದಾದರೆ ಏನು ಮಾಡಿಸಬೇಕು? ಸಮವಸರಣದ ಹನ್ನೆರಡು ಕೋಠೆಗಳಲ್ಲಿ ಕಡೆಯದು ಪ್ರಾಣಿಗಳದು. ಅಲ್ಲಿ ಸಿಂಹ-ಆಕಳುಗಳೂ ಹಾವು-ಮುಂಗುಸಿಗಳೂ ಒತ್ತಿನಲ್ಲಿ ಕುಳಿತಿವೆ. ಅವುಗಳನ್ನು ಜೋಡಿಯಾಗಿ ಕೂಡಿಸುವ ಆಟವನ್ನು ಮಾಡಬಹುದು. ಮಗುವಿಗೆ ಪ್ರಾಣಿಗಳನ್ನು ಹೊಡೆದಾಡಿಸುವುದಕ್ಕಿಂತ ಕೂಡಿಸುವುದು ಕಷ್ಟ, ಆದ್ದರಿಂದ ಆಟವೂ ಹೆಚ್ಚು ಹೊತ್ತು ನಡೆಯುತ್ತದೆ. ಅದರಲ್ಲಿ 2019ರಲ್ಲಿ ವನ್ಯಜೀವಿಧಾಮವಾದ ನಮ್ಮ ಕಪ್ಪತಗುಡ್ಡದ ತೋಳ, ಕತ್ತೆಕಿರುಬ, ಚಿರತೆಗಳಿರಲಿ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳೂ ಇರಲಿ. ಪ್ಲಾಸ್ಟಿಕ್ಕಿನ ತೋಳಯೋಧನ ಹೆಸರನ್ನು ಬಲ್ಲ ಹುಡುಗನಿಗೆ ಮುಂಡರಗಿಯ ಗುಡ್ಡದಲ್ಲಿ ತೋಳವಿದೆಯೆಂಬುದೇ ಗೊತ್ತಿಲ್ಲದಿರುವುದು ನನಗೆ ಯಾವ ಕತ್ತಿಗಿಂತಲೂ ಹೆಚ್ಚಿನ ಚಿಂತೆಯನ್ನುಂಟುಮಾಡುತ್ತದೆ.

ಗೋಮುಖನೇ ಬೇಕೆಂದು ತರುಣರು ಹಟ ಹಿಡಿದರೆ ಅವರಿಗೆ ನನ್ನ ಷರತ್ತುಗಳು ಇವು. ನಾಲ್ಕು ಕೈಗಳನ್ನೂ ಕೊಡಿರಿ. ಬೆರಳುಗಳು ಬಿಡಿಸಿರಲಿ, ಹಣ್ಣನ್ನು ಮಗು ಅಲ್ಲಿ ಇಡಲೂ ತೆಗೆಯಲೂ ಬರಲಿ. ಪರಶುವನ್ನು ಭುಜಕ್ಕೆ ಒರಗಿಸಿ ಮೈಯೊಡನೆಯೇ ಕೆತ್ತಿರಿ, ಅದು ಕಳಚದಿರಲಿ. ಧರ್ಮಚಕ್ರ ತಲೆಯ ಮೇಲೆ ತಿರುಗಲಿ, ಬೇಕಾದರೆ ಗುಂಯ್ ಎಂದು ಸದ್ದು ಮಾಡಲಿ. ಅಲ್ಲಿಂದ ಬಿಟ್ಟು ಹೋಗದಿರಲಿ. ಮೊಣಕಾಲಿಗೆ ಸಂದು ಇಡಿರಿ, ಯಕ್ಷನು ಕುಳಿತುಕೊಳ್ಳಲು ಬರಬೇಕು. ಪೆಟ್ಟಿಗೆಯಲ್ಲಿ ಎರಡನೆಯ ಗೊಂಬೆಯಾಗಿ ಕಮಠನ ಬದಲು ಅವನ ವಾಹನವಾದ ಬಸವನನ್ನು ಕೊಡಿರಿ. ನೈಗಮೇಷನನ್ನು ಮಾಡುವುದಾದರೆ ಇನ್ನೂ ಸಂತೋಷ. ಹೆಗಲ ಮೇಲಿನ ಕೂಸುಗಳನ್ನು ಬಿಡಿಯಾಗಿ ಕೆತ್ತಿದರೆ ಮಕ್ಕಳು ಅವನ್ನು ಹತ್ತಿಸಿ ಇಳಿಸಿ ಆಡಿಕೊಂಡಾರು.

ಟ್ರಸ್ಟಿಗಳಲ್ಲಿ ನನ್ನ ವಿನಂತಿ ಒಂದೇ. ಈ ವಿಷಯ ಮುಂದಿನ ಸಭೆಗೆ ಬಂದಾಗ ಬಣ್ಣದ ಚಿತ್ರಗಳನ್ನು ನೋಡಿ ಚಪ್ಪಾಳೆ ತಟ್ಟಬೇಡಿರಿ. ನಕ್ಷೆಯ ಎರಡನೆಯ ಹಾಳೆಯಲ್ಲಿ ಕೈಯ ವಿವರ ಬೇರೆಯಾಗಿ ಇರುತ್ತದೆ, ಅದನ್ನು ಕೇಳಿ ತೆಗೆಸಿರಿ. ಬೆರಳುಗಳು ಮಡಿಚಿದ್ದರೆ ಕಡತವನ್ನು ಹಿಂದಕ್ಕೆ ಕೊಡಿರಿ. ಬಿಡಿಸಿದ್ದರೆ ಕಿನ್ನಾಳಕ್ಕೆ ಹೋಗಿಬರುವ ಖರ್ಚು ಮತ್ತು ಮೊದಲ ಹತ್ತು ಮಾದರಿಗಳ ಬೆಲೆಯನ್ನು ಜ್ಞಾನದಾನ ಖಾತೆಯಲ್ಲಿ ಬರೆಯಲು ನನ್ನ ಅಡ್ಡಿಯಿಲ್ಲ.